ಡಬ್ಬಿಗಿಂತ ಮೊದಲು ಹಾರ್ಮೋನು: ಅಮೈನೊ ಆಮ್ಲದ ಪೂರಕಗಳಲ್ಲಿ ಯಾವುದು ಯಾರಿಗೆ?

ಬೆಳಗಾವಿಯ ಗರಡಿಮನೆಗಳಲ್ಲಿ ಸಾಮು ಮಾಡುತ್ತಿದ್ದ ಪೈಲ್ವಾನರಿಗೆ ಹಾಲು, ತುಪ್ಪ, ಬಾದಾಮಿ ಅರೆದ ಥಂಡಾಯಿ ಇವೇ ಖುರಾಕಾಗಿದ್ದ ಕಾಲದಲ್ಲಿ ಆಯ್ಕೆಯ ಪ್ರಶ್ನೆಯೇ ಏಳುತ್ತಿರಲಿಲ್ಲ. ಎಷ್ಟು ಸೇರು ಹಾಲು ಅರಗುತ್ತದೆ ಎಂಬುದಷ್ಟೇ ಲೆಕ್ಕವಾಗಿತ್ತು. ಈಗ ಅದೇ ಊರಿನ ಜಿಮ್‌ಗಳಲ್ಲಿ, ವಿಜಯಪುರದ ಸೈಕಲ್ ಸ್ಪರ್ಧಿಗಳ ಚೀಲಗಳಲ್ಲಿ, ಬಾಗಲಕೋಟೆಯ ಔಷಧ ಅಂಗಡಿಗಳ ಗಾಜಿನ ಕಪಾಟುಗಳಲ್ಲಿ ಬಿಸಿಎಎ, ಇಎಎ, ವೇ, ಕೇಸಿನ್, ಸೋಯಾ ಎಂಬ ಹೆಸರಿನ ಡಬ್ಬಿಗಳು ಸಾಲುಗಟ್ಟಿವೆ. ಇವುಗಳಲ್ಲಿ ಯಾವುದು ಮೇಲು ಎಂದು ಕೇಳುವವರು ಬಹಳ. ಆದರೆ ಆ ಪ್ರಶ್ನೆಗೆ ಡಬ್ಬಿಯನ್ನಷ್ಟೇ ನೋಡಿ ಉತ್ತರ ಹೇಳಲು ಬರುವುದಿಲ್ಲ. ಒಂದೇ ಡಬ್ಬಿಯ ಒಂದೇ ಚಮಚ ಪುಡಿ ಇಪ್ಪತ್ತರ ತರುಣನ ಸ್ನಾಯುವಿನಲ್ಲಿ ಒಂದು ರೀತಿಯಲ್ಲಿಯೂ, ಸಕ್ಕರೆ ಕಾಯಿಲೆಯಿರುವ ಐವತ್ತರವರಲ್ಲಿ ಮತ್ತೊಂದು ರೀತಿಯಲ್ಲಿಯೂ, ಸಂಧಿವಾತಕ್ಕೆ ಸ್ಟಿರಾಯ್ಡ್ ಮಾತ್ರೆ ನುಂಗುತ್ತಿರುವ ವೃದ್ಧೆಯಲ್ಲಿ ಇನ್ನೊಂದು ರೀತಿಯಲ್ಲಿಯೂ ಬಳಕೆಯಾಗುತ್ತದೆ. ಆ ವ್ಯತ್ಯಾಸವನ್ನು ಬಹುಮಟ್ಟಿಗೆ ನಿರ್ಧರಿಸುವುದು ರಕ್ತದಲ್ಲಿರುವ ಹಾರ್ಮೋನುಗಳು. ಆದ್ದರಿಂದ ಈ ಹೋಲಿಕೆಯನ್ನು ನಾನು ಹಾರ್ಮೋನುಗಳಿಂದ ಆರಂಭಿಸಿ, ಪುಡಿಗಳ ಕಡೆಗೆ ಆಮೇಲೆ ಬರುತ್ತೇನೆ.

ಬಾಯಿಂದ ಸ್ನಾಯುವಿನವರೆಗೆ

ಪ್ರೋಟೀನ್ ಎಂಬುದು 20 ಬಗೆಯ ಅಮೈನೊ ಆಮ್ಲಗಳ ಸರಪಳಿ. ಅವುಗಳಲ್ಲಿ 9 ಆಮ್ಲಗಳನ್ನು ನಮ್ಮ ದೇಹ ತಯಾರಿಸಲಾರದು. ಅವನ್ನು ಆಹಾರದಿಂದಲೇ ಪಡೆಯಬೇಕು. ಕರುಳು ಹೀರಿಕೊಂಡ ಅಮೈನೊ ಆಮ್ಲಗಳು ನೇರವಾಗಿ ಸ್ನಾಯುವಿಗೆ ಹೋಗುವುದಿಲ್ಲ. ಒಂದು ಪಾಲನ್ನು ಕರುಳೇ ಬಳಸಿಕೊಳ್ಳುತ್ತದೆ, ಮತ್ತೊಂದು ಪಾಲನ್ನು ಯಕೃತ್ತು ತಡೆಹಿಡಿಯುತ್ತದೆ, ಉಳಿದದ್ದು ರಕ್ತದ ಮೂಲಕ ಸ್ನಾಯುವನ್ನು ತಲುಪುತ್ತದೆ. ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಎಂಬ ಮೂರು ಕವಲು ಸರಪಳಿಯ ಆಮ್ಲಗಳು ಮಾತ್ರ ಯಕೃತ್ತನ್ನು ಹೆಚ್ಚು ಸುಂಕ ಕೊಡದೆ ದಾಟುತ್ತವೆ, ಏಕೆಂದರೆ ಅವುಗಳನ್ನು ಒಡೆಯುವ ಮೊದಲ ಹಂತದ ಕಿಣ್ವ ಯಕೃತ್ತಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿದೆ. ಬಿಸಿಎಎ ಎಂದು ಮಾರುವುದು ಈ ಮೂರನ್ನೇ. ಗ್ಲುಟಮಿನ್ ಎಂಬ ಇನ್ನೊಂದು ಅಮೈನೊ ಆಮ್ಲದ ಪಾಡು ಇದಕ್ಕೆ ವಿರುದ್ಧ: ನುಂಗಿದ ಗ್ಲುಟಮಿನ್‌ನ ಬಹುಭಾಗವನ್ನು ಕರುಳು ಮತ್ತು ಯಕೃತ್ತುಗಳೇ ಖರ್ಚು ಮಾಡುವುದರಿಂದ, ಸ್ನಾಯು ಬೆಳೆಸಲೆಂದು ಅದನ್ನು ಕೊಳ್ಳುವವರು ಕರುಳಿಗೆ ಊಟ ಹಾಕಿದಂತಾಗುತ್ತದೆ.

ಸ್ನಾಯುಕೋಶದ ಪೊರೆಯಲ್ಲಿ ಅಮೈನೊ ಆಮ್ಲಗಳನ್ನು ಒಳಗೆ ಸಾಗಿಸುವ ಪ್ರೋಟೀನ್‌ಗಳಿವೆ. ಒಳಗೆ ಬಂದ ಲ್ಯೂಸಿನ್, ಎಂಟಾರ್ ಎಂಬ ನಿಯಂತ್ರಕವನ್ನು ಎಚ್ಚರಿಸಿ ಹೊಸ ಪ್ರೋಟೀನ್ ಕಟ್ಟುವ ಕೆಲಸಕ್ಕೆ ಚಾಲನೆ ಕೊಡುತ್ತದೆ. ಆದರೆ ಚಾಲನೆ ಸಿಕ್ಕ ಮಾತ್ರಕ್ಕೆ ಕಟ್ಟಡ ಏಳುವುದಿಲ್ಲ. ಒಂಬತ್ತೂ ಅಗತ್ಯ ಆಮ್ಲಗಳು ಸ್ಥಳದಲ್ಲಿರಬೇಕು. ಗೌಂಡಿ ಬಂದು ನಿಂತರೂ ಇಟ್ಟಿಗೆ ಇಲ್ಲದಿದ್ದರೆ ಗೋಡೆ ಏಳದು. ಇನ್ನು ಹಾರ್ಮೋನುಗಳು ಈ ವ್ಯವಸ್ಥೆಯಲ್ಲಿ ಮೂರು ಕಡೆ ಕೈ ಹಾಕುತ್ತವೆ: ಸ್ನಾಯುವಿಗೆ ಹರಿಯುವ ರಕ್ತದ ಪ್ರಮಾಣದ ಮೇಲೆ, ಪೊರೆಯ ಮೂಲಕ ನಡೆಯುವ ಸಾಗಣೆಯ ಮೇಲೆ, ಮತ್ತು ಕಟ್ಟುವ ಹಾಗೂ ಕೆಡಹುವ ಕೆಲಸಗಳ ವೇಗದ ಮೇಲೆ. ಈ ಮೂರರಲ್ಲಿ ಯಾವ ಹಾರ್ಮೋನು ಎಲ್ಲಿ ಕೆಲಸ ಮಾಡುತ್ತದೆ ಎಂಬುದನ್ನು ಬೇರ್ಪಡಿಸದೆ ಬರೆದ ಜಾಹೀರಾತುಗಳಿಂದಲೇ ಬಹುಪಾಲು ಗೊಂದಲ ಹುಟ್ಟಿದೆ.

ಇನ್ಸುಲಿನ್: ಅತಿ ಹೆಚ್ಚು ತಪ್ಪು ತಿಳಿವಳಿಕೆಗೆ ಗುರಿಯಾದದ್ದು

ಇನ್ಸುಲಿನ್ ಸ್ನಾಯುವಿನ ಬಾಗಿಲು ತೆರೆಯುವ ಕೀಲಿಕೈ, ಆದ್ದರಿಂದ ಪ್ರೋಟೀನ್ ಪುಡಿಯ ಜೊತೆ ಯಥೇಚ್ಛ ಸಕ್ಕರೆ ತಿಂದು ಇನ್ಸುಲಿನ್ ಏರಿಸಬೇಕು ಎಂಬ ಮಾತು ಜಿಮ್‌ಗಳಲ್ಲಿ ವೇದವಾಕ್ಯದಂತೆ ನಡೆಯುತ್ತಿದೆ. ಇದರಲ್ಲಿ ಅರ್ಧ ಸತ್ಯವಿದೆ. ಇನ್ಸುಲಿನ್ ಸೂಕ್ಷ್ಮ ರಕ್ತನಾಳಗಳನ್ನು ಹಿಗ್ಗಿಸಿ ಸ್ನಾಯುವಿಗೆ ಹೆಚ್ಚು ರಕ್ತ ಹರಿಯುವಂತೆ ಮಾಡುತ್ತದೆ, ಕೆಲವು ಸಾಗಣೆ ಪ್ರೋಟೀನ್‌ಗಳನ್ನು ಕೋಶದ ಒಳಗಿನಿಂದ ಪೊರೆಗೆ ತರುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಸ್ನಾಯುವಿನ ಪ್ರೋಟೀನ್ ಒಡೆಯುವುದನ್ನು ತಡೆಯುತ್ತದೆ. 1921ರಲ್ಲಿ ಟೊರೊಂಟೊದಲ್ಲಿ ಇನ್ಸುಲಿನ್ ದೊರೆಯುವುದಕ್ಕೆ ಮುಂಚೆ ಒಂದನೆಯ ಬಗೆಯ ಮಧುಮೇಹದ ಮಕ್ಕಳು ಎಲುಬಿನ ಹಂದರವಾಗಿ ಸಾಯುತ್ತಿದ್ದುದಕ್ಕೆ ಈ ತಡೆ ಇಲ್ಲದಿದ್ದುದೂ ಒಂದು ಕಾರಣ.

ಉಳಿದರ್ಧ ಸತ್ಯವನ್ನು ಮಾತ್ರ ಯಾರೂ ಹೇಳುವುದಿಲ್ಲ. ಈ ತಡೆ ಪೂರ್ಣಗೊಳ್ಳಲು ಬೇಕಾದ ಇನ್ಸುಲಿನ್ ಬಹಳ ಕಡಿಮೆ. ಬರಿಹೊಟ್ಟೆಯಲ್ಲಿರುವ ಮಟ್ಟದ ಕೆಲವೇ ಪಟ್ಟು ಏರಿದರೆ ಸಾಕು. ಹಾಲು ಒಡೆಸಿದ ನೀರಿನಿಂದ ಮಾಡುವ ವೇ ಪುಡಿಯು ಸಕ್ಕರೆಯ ನೆರವಿಲ್ಲದೆ ತಾನೇ ಅಷ್ಟು ಇನ್ಸುಲಿನ್ ಬಿಡುಗಡೆ ಮಾಡಿಸುತ್ತದೆ. 2011ರಲ್ಲಿ ಕೆನಡಾದ ಸಂಶೋಧಕರು ತರುಣರಿಗೆ ವ್ಯಾಯಾಮದ ನಂತರ 25 ಗ್ರಾಂ ವೇ ಮಾತ್ರ ಕೊಟ್ಟು, ಇನ್ನೊಮ್ಮೆ ಅದಕ್ಕೆ ಬೇಗ ಅರಗುವ ಪಿಷ್ಟದ ಪುಡಿಯಾದ ಮಾಲ್ಟೊಡೆಕ್ಸ್‌ಟ್ರಿನ್ 50 ಗ್ರಾಂ ಬೆರೆಸಿ ಕೊಟ್ಟು ಹೋಲಿಸಿದರು. ಎರಡನೆಯ ಸಲ ಇನ್ಸುಲಿನ್ ಬಹಳ ಏರಿತಾದರೂ ಸ್ನಾಯುವಿನ ಪ್ರೋಟೀನ್ ಕಟ್ಟುವಿಕೆ ಹೆಚ್ಚಲಿಲ್ಲ, ಒಡೆಯುವಿಕೆ ಇನ್ನಷ್ಟು ತಗ್ಗಲೂ ಇಲ್ಲ. ಆದ್ದರಿಂದ ಬೆಲ್ಲ ಹಾಕಿದ ಹಾಲು ರುಚಿಗೆ ಒಳ್ಳೆಯದೇ, ಮುಧೋಳ–ಗೋಕಾಕದ ಕಬ್ಬಿನ ಸೀಮೆಯವರಿಗೆ ಅದನ್ನು ಬೇಡವೆನ್ನಲು ನನಗೂ ಮನಸ್ಸಿಲ್ಲ. ಆದರೆ ಹಾಲಿನ ಪ್ರೋಟೀನ್ ಸಾಕಷ್ಟಿದ್ದಾಗ ಅಮೈನೊ ಆಮ್ಲಗಳನ್ನು ಸ್ನಾಯುವಿಗೆ ನೂಕುವ ಕೆಲಸವನ್ನು ಬೆಲ್ಲ ಮಾಡುವುದಿಲ್ಲ. ದಿನಕ್ಕೆ ನೂರು ಕಿಲೋಮೀಟರ್ ತುಳಿಯುವ ಸೈಕಲ್ ಸ್ಪರ್ಧಿಗೆ ಪಿಷ್ಟ ಬೇಕು, ಅದು ಬತ್ತಿದ ಗ್ಲೈಕೊಜನ್, ಅಂದರೆ ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನು, ತುಂಬಲು. ಆ ಉದ್ದೇಶ ಬೇರೆ, ಈ ಉದ್ದೇಶ ಬೇರೆ. ‘ಮಾಸ್ ಗೇನರ್’ ಎಂಬ ಡಬ್ಬಿಗಳಲ್ಲಿ ಬಹುಪಾಲು ತೂಕ ಈ ಪಿಷ್ಟದ್ದೇ ಎಂಬುದನ್ನು ನೆನಪಿಟ್ಟುಕೊಂಡರೆ ಅವುಗಳ ಬೆಲೆ ದುಬಾರಿ ಎನ್ನಿಸದೆ ಇರದು.

ಇನ್ಸುಲಿನ್ ಪ್ರತಿರೋಧವಿರುವವರಲ್ಲಿ, ಅಂದರೆ ಎರಡನೆಯ ಬಗೆಯ ಮಧುಮೇಹವಿರುವವರಲ್ಲಿ ಅಥವಾ ಹೊಟ್ಟೆಯ ಬೊಜ್ಜು ಹೆಚ್ಚಿರುವವರಲ್ಲಿ, ಚಿತ್ರ ಬದಲಾಗುತ್ತದೆ. ಬೊಜ್ಜಿನವರ ರಕ್ತದಲ್ಲಿ ಕವಲು ಸರಪಳಿಯ ಆಮ್ಲಗಳು ಮೊದಲೇ ಹೆಚ್ಚಿರುತ್ತವೆ ಎಂಬುದು 1969ರಿಂದಲೇ ಗೊತ್ತಿರುವ ಸಂಗತಿ. ಬಳಕೆಯಾಗದೆ ರಕ್ತದಲ್ಲಿ ಉಳಿದಿರುವ ಆಮ್ಲವನ್ನೇ ಬಿಸಿಎಎ ಹೆಸರಿನಲ್ಲಿ ಮತ್ತೆ ಹಣ ಕೊಟ್ಟು ತಂದು ಸುರಿಯುವುದರಲ್ಲಿ ನನಗೆ ಯಾವ ಅರ್ಥವೂ ಕಾಣುವುದಿಲ್ಲ. ಇಂಥವರಿಗೆ ನಡಿಗೆ ಮತ್ತು ಭಾರ ಎತ್ತುವ ವ್ಯಾಯಾಮವೇ ಮೊದಲ ಔಷಧ, ಏಕೆಂದರೆ ಸಂಕುಚಿಸುವ ಸ್ನಾಯು ಇನ್ಸುಲಿನ್‌ನ ಮಾತನ್ನು ಹೆಚ್ಚು ಕೇಳತೊಡಗುತ್ತದೆ.

ದೇಹದಾರ್ಢ್ಯದ ಹುಚ್ಚಿನಲ್ಲಿ ಇನ್ಸುಲಿನ್ನನ್ನೇ ಚುಚ್ಚಿಕೊಳ್ಳುವವರಿದ್ದಾರೆ. ಆರೋಗ್ಯವಂತನು ಇನ್ಸುಲಿನ್ ಚುಚ್ಚಿಕೊಂಡರೆ ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು, ಪ್ರಾಣವೂ ಹೋಗಬಹುದು. ಇದನ್ನು ಆಯ್ಕೆಗಳ ಸಾಲಿನಲ್ಲಿ ಇರಿಸಿ ಹೋಲಿಸುವ ಮಾತೇ ಇಲ್ಲ.

ಟೆಸ್ಟೊಸ್ಟೆರಾನ್ ಮತ್ತು ಅದರ ಹೆಸರಿನ ವ್ಯಾಪಾರ

ಗಂಡಸರಲ್ಲಿ ಹೆಚ್ಚಾಗಿರುವ ಲೈಂಗಿಕ ಹಾರ್ಮೋನಾದ ಟೆಸ್ಟೊಸ್ಟೆರಾನ್ ಸ್ನಾಯು ಬೆಳೆಸುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಹೇಗೆ ಬೆಳೆಸುತ್ತದೆ ಎಂಬುದು ಮಾತ್ರ ಕುತೂಹಲಕರ. 1998ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆರೋಗ್ಯವಂತ ಪುರುಷರಿಗೆ ಟೆಸ್ಟೊಸ್ಟೆರಾನ್ ಚುಚ್ಚಿ ಕೆಲವು ದಿನಗಳ ನಂತರ ಅಳೆದಾಗ, ಸ್ನಾಯುವಿನಲ್ಲಿ ಪ್ರೋಟೀನ್ ಕಟ್ಟುವಿಕೆ ಹೆಚ್ಚಿತ್ತು, ಆದರೆ ರಕ್ತದಿಂದ ಅಮೈನೊ ಆಮ್ಲಗಳ ಸಾಗಣೆ ಹೆಚ್ಚಿರಲಿಲ್ಲ. ಹಳೆಯ ಪ್ರೋಟೀನ್ ಒಡೆದು ಕೋಶದೊಳಗೆ ಬಿಡುಗಡೆಯಾದ ಆಮ್ಲಗಳನ್ನೇ ಸ್ನಾಯು ಹೊರಗೆ ಬಿಡದೆ ಮರಳಿ ಬಳಸಿಕೊಂಡಿತ್ತು. ಅಂದರೆ ಈ ಹಾರ್ಮೋನು ಸಂತೆಯಿಂದ ಹೆಚ್ಚು ಸರಕು ತರಿಸುವುದಕ್ಕಿಂತ, ಮನೆಯಲ್ಲಿರುವುದನ್ನು ಹಾಳಾಗಗೊಡದ ಜಾಣ ಗೃಹಿಣಿಯ ಹಾಗೆ ವರ್ತಿಸುತ್ತದೆ. ‘ಟೆಸ್ಟೊಸ್ಟೆರಾನ್ ಹೆಚ್ಚಿಸಿ ಅಮೈನೊ ಹೀರಿಕೆಯನ್ನು ದ್ವಿಗುಣಗೊಳಿಸುತ್ತದೆ’ ಎಂಬಂಥ ಚೀಟಿಯುಳ್ಳ ಡಬ್ಬಿಗಳ ಮಾತು ಎಷ್ಟು ಸಡಿಲವೆಂಬುದು ಇದರಿಂದ ತಿಳಿಯುತ್ತದೆ.

ಬೈಠಕ್ ಹೊಡೆದ ನಂತರ ರಕ್ತದಲ್ಲಿ ಟೆಸ್ಟೊಸ್ಟೆರಾನ್ ಮತ್ತು ಬೆಳವಣಿಗೆಯ ಹಾರ್ಮೋನು ಸ್ವಲ್ಪ ಹೊತ್ತು ಏರುತ್ತವೆ. ಆ ಹೊತ್ತಿನೊಳಗೆ ಪುಡಿ ಕುಡಿಯದಿದ್ದರೆ ದುಡಿದದ್ದೆಲ್ಲ ವ್ಯರ್ಥ ಎಂದು ಹೆದರಿಸುವವರೂ ಇದ್ದಾರೆ. 2010ರ ಸುಮಾರಿಗೆ ಕೆನಡಾದಲ್ಲಿ ಇದನ್ನು ಚೊಕ್ಕಟವಾಗಿ ಪರೀಕ್ಷಿಸಲಾಯಿತು. ಅದೇ ವ್ಯಕ್ತಿಯ ಒಂದು ತೋಳಿಗೆ ಬರಿಯ ತೋಳಿನ ವ್ಯಾಯಾಮ, ಇನ್ನೊಂದು ತೋಳಿಗೆ ಬೇರೆ ದಿನ ತೋಳಿನ ವ್ಯಾಯಾಮದ ಬೆನ್ನಿಗೇ ಹಾರ್ಮೋನು ಏರಿಸುವಂಥ ಕಾಲಿನ ಭಾರಿ ವ್ಯಾಯಾಮ. 15 ವಾರಗಳ ನಂತರ ಎರಡೂ ತೋಳುಗಳು ಒಂದೇ ಸಮನಾಗಿ ಬೆಳೆದಿದ್ದವು. ಆ ಕ್ಷಣಿಕ ಏರಿಕೆಗಿಂತ ದುಡಿದ ಸ್ನಾಯುವಿನ ಒಳಗಿನ ಬದಲಾವಣೆಯೇ ದೊಡ್ಡದು, ಮತ್ತು ಆ ಬದಲಾವಣೆಯಿಂದ ಸ್ನಾಯುವು ಅಮೈನೊ ಆಮ್ಲಗಳಿಗೆ ಕನಿಷ್ಠ ಒಂದು ದಿನದವರೆಗೆ ಹೆಚ್ಚು ಸ್ಪಂದಿಸುತ್ತದೆ. ಗರಡಿಯಿಂದ ಮನೆಗೆ ಬಂದು, ಸ್ನಾನ ಮಾಡಿ, ಊಟಕ್ಕೆ ಕುಳಿತರೂ ತಡವೇನಲ್ಲ.

ಸೋಯಾ ತಿಂದರೆ ಗಂಡಸರ ಟೆಸ್ಟೊಸ್ಟೆರಾನ್ ಇಳಿಯುತ್ತದೆ ಎಂಬ ಭಯಕ್ಕೂ ಇಲ್ಲಿಯೇ ಉತ್ತರಿಸಬಹುದು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸಾಮಾನ್ಯ ಪ್ರಮಾಣದ ಸೋಯಾದಿಂದ ಅಂಥ ಇಳಿಕೆ ಕಂಡುಬಂದಿಲ್ಲ.

ಕಾರ್ಟಿಸೋಲ್ ಮತ್ತು ಉಳಿದವು

ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಕೆಡಹುವ ಪಕ್ಷದ್ದು. ಅದು ಸ್ನಾಯುವಿನ ಪ್ರೋಟೀನ್ ಒಡೆಸಿ, ಬಿಡುಗಡೆಯಾದ ಆಮ್ಲಗಳನ್ನು ಯಕೃತ್ತಿಗೆ ಕಳುಹಿಸಿ ಅಲ್ಲಿ ಗ್ಲೂಕೋಸ್ ಮಾಡಿಸುತ್ತದೆ. ಬೆಳಗಿನ ಜಾವ ಅದು ಏರುವುದು ಸಹಜ, ಅದಕ್ಕೆ ಅಂಜಬೇಕಾಗಿಲ್ಲ. ಅಂಜಬೇಕಾದದ್ದು ತಿಂಗಳುಗಟ್ಟಲೆ ಏರಿಯೇ ಇರುವ ಸ್ಥಿತಿಗೆ: ನಿದ್ದೆಗೇಡು, ತೂಕ ಇಳಿಸಲೆಂದು ಅರೆಹೊಟ್ಟೆ, ದೀರ್ಘ ಕಾಯಿಲೆ, ಅಥವಾ ಕಾರ್ಟಿಸೋಲ್‌ನಂತೆಯೇ ಕೆಲಸ ಮಾಡುವ ಪ್ರೆಡ್ನಿಸೊಲೋನ್‌ನಂಥ ಸ್ಟಿರಾಯ್ಡ್ ಮಾತ್ರೆಯ ದೀರ್ಘ ಸೇವನೆ. ಇಂಥ ಸ್ಥಿತಿಯಲ್ಲಿ ಎಷ್ಟೇ ಶ್ರೇಷ್ಠ ಪುಡಿ ಕುಡಿದರೂ ತಳ ಒಡೆದ ಕೊಡಕ್ಕೆ ನೀರು ತುಂಬಿದಂತೆಯೇ. ಆದರೆ ಇದನ್ನು ಕಾರಣವಾಗಿಟ್ಟುಕೊಂಡು ವೈದ್ಯರು ಕೊಟ್ಟ ಸ್ಟಿರಾಯ್ಡನ್ನು ತಾನಾಗಿಯೇ ನಿಲ್ಲಿಸುವುದು ಸ್ನಾಯು ಕರಗುವುದಕ್ಕಿಂತ ದೊಡ್ಡ ಅಪಾಯ.

ಬೆಳವಣಿಗೆಯ ಹಾರ್ಮೋನನ್ನು ಏರಿಸುತ್ತದೆಂಬ ಹೆಸರಿನಲ್ಲಿ ಆರ್ಜಿನಿನ್ ಎಂಬ ಅಮೈನೊ ಆಮ್ಲ ಮಾರಾಟವಾಗುತ್ತದೆ. ವಯಸ್ಕರಲ್ಲಿ ಈ ಹಾರ್ಮೋನು ಸ್ನಾಯುವಿನ ಸಂಕುಚಿಸುವ ಪ್ರೋಟೀನ್‌ಗಿಂತ ಕೊಲಾಜನ್ ಎಂಬ ಸ್ನಾಯುರಜ್ಜು–ಚರ್ಮಗಳ ಪ್ರೋಟೀನ್ ಕಟ್ಟುವುದನ್ನೇ ಹೆಚ್ಚಾಗಿ ಪ್ರಚೋದಿಸುತ್ತದೆ. ವ್ಯಾಯಾಮ ತಾನೇ ಅದನ್ನು ಆರ್ಜಿನಿನ್‌ಗಿಂತ ಹೆಚ್ಚು ಏರಿಸುತ್ತದೆ. ಥೈರಾಯ್ಡ್ ಹಾರ್ಮೋನು ಕಡಿಮೆಯಾದರೂ ಸ್ನಾಯು ಸೋಲುತ್ತದೆ, ಹೆಚ್ಚಾದರೂ ಸೋಲುತ್ತದೆ, ಆದ್ದರಿಂದ ಕಾರಣವಿಲ್ಲದೆ ತೊಡೆ–ತೋಳು ಸೊರಗಿದವರು ಡಬ್ಬಿಗೆ ಕೊಡುವ ಹಣದಲ್ಲಿ ಮೊದಲು ರಕ್ತಪರೀಕ್ಷೆ ಮಾಡಿಸಬೇಕು. ಮುಟ್ಟು ನಿಂತ ಹೆಂಗಸರಲ್ಲಿ ಈಸ್ಟ್ರೋಜನ್ ಇಳಿಯುವುದರ ಜೊತೆಗೆ ವಯಸ್ಸೂ ಸೇರಿ, ಒಂದೇ ಪ್ರಮಾಣದ ಪ್ರೋಟೀನ್‌ಗೆ ಸ್ನಾಯು ಮೊದಲಿನಷ್ಟು ಸ್ಪಂದಿಸುವುದಿಲ್ಲ.

ಈಗ ಡಬ್ಬಿಗಳು

ಬಿಸಿಎಎಯನ್ನು ನಾನು ಎಲ್ಲಕ್ಕಿಂತ ಕೆಳಗೆ ಇಡುತ್ತೇನೆ. 2017ರ ಅಧ್ಯಯನವೊಂದರಲ್ಲಿ ವ್ಯಾಯಾಮದ ನಂತರ 5.6 ಗ್ರಾಂ ಬಿಸಿಎಎ ಕುಡಿದವರಲ್ಲಿ ಸ್ನಾಯುವಿನ ಪ್ರೋಟೀನ್ ಕಟ್ಟುವಿಕೆ, ಏನೂ ಇಲ್ಲದ ಪಾನೀಯ ಕುಡಿದಾಗಿನದಕ್ಕಿಂತ ಶೇ. 22ರಷ್ಟು ಹೆಚ್ಚಿತ್ತು. ಸೊನ್ನೆಯಲ್ಲ, ಆದರೆ ಪೂರ್ಣ ಪ್ರೋಟೀನ್‌ನಿಂದ ಸಿಗುವುದಕ್ಕಿಂತ ಬಹಳ ಕಡಿಮೆ. ಗೌಂಡಿ ಇದ್ದಾನೆ, ಉಳಿದ ಆರು ಬಗೆಯ ಇಟ್ಟಿಗೆಗಳಿಲ್ಲ. ಅವನ್ನು ದೇಹ ತನ್ನದೇ ಸ್ನಾಯು ಒಡೆದು ಒದಗಿಸಬೇಕಾಗುತ್ತದೆ.

ಇಎಎ ಎಂದರೆ ಒಂಬತ್ತೂ ಅಗತ್ಯ ಆಮ್ಲಗಳ ಮಿಶ್ರಣ. ಬಿಡಿ ಆಮ್ಲಗಳಾದ್ದರಿಂದ ಜೀರ್ಣವಾಗಬೇಕಾದ ಕೆಲಸವಿಲ್ಲ. ರಕ್ತಕ್ಕೆ ಬೇಗ ಸೇರುತ್ತವೆ, 6 ಗ್ರಾಂನಷ್ಟು ಸಣ್ಣ ಪ್ರಮಾಣವೂ ಕೆಲಸ ಮಾಡುತ್ತದೆ. ಹೆಚ್ಚು ತಿನ್ನಲಾರದ ವೃದ್ಧರಿಗೆ, ಶಸ್ತ್ರಚಿಕಿತ್ಸೆಯ ನಂತರ ಹಾಸಿಗೆ ಹಿಡಿದವರಿಗೆ ಇದು ವೈದ್ಯರ ಸಲಹೆಯ ಮೇರೆಗೆ ನಿಜಕ್ಕೂ ಉಪಯುಕ್ತ. ಗಟ್ಟಿಮುಟ್ಟಾದ ಹುಡುಗನಿಗೆ ವೇ ಕೊಡುವುದಕ್ಕಿಂತ ಹೆಚ್ಚಿನದೇನನ್ನೂ ಇದು ಕೊಡದು, ರುಚಿಯೂ ಕಹಿ.

ವೇ ಎಂದರೆ ಹಾಲು ಒಡೆಸಿದಾಗ ಉಳಿಯುವ ನೀರಿನ ಪ್ರೋಟೀನ್. ನಮ್ಮ ಮನೆಗಳಲ್ಲಿ ಪನೀರ್ ಮಾಡಿ ಚೆಲ್ಲುವ ಆ ಹಸಿರುಛಾಯೆಯ ನೀರಿನದೇ. ಅದರ ಪ್ರೋಟೀನ್‌ನಲ್ಲಿ ಶೇ. 10ರಿಂದ 11ರಷ್ಟು ಲ್ಯೂಸಿನ್ ಇದೆ, ಬೇಗ ಜೀರ್ಣವಾಗುತ್ತದೆ, ಬೇಕಾದಷ್ಟು ಇನ್ಸುಲಿನ್ನನ್ನು ತಾನೇ ಹೊರಡಿಸುತ್ತದೆ. ಕೇಸಿನ್ ಹೊಟ್ಟೆಯಲ್ಲಿ ಗಟ್ಟಿಯಾಗಿ ಗಂಟೆಗಟ್ಟಲೆ ನಿಧಾನವಾಗಿ ಆಮ್ಲಗಳನ್ನು ಬಿಡುತ್ತದೆ. ರಾತ್ರಿ ಮಲಗುವ ಮುಂಚೆ ತೆಗೆದುಕೊಳ್ಳಲು ಅದು ಸರಿ, ಆದರೆ ಹಾಲಿನ ಪ್ರೋಟೀನ್‌ನಲ್ಲಿ ಶೇ. 80ರಷ್ಟು ಕೇಸಿನ್ನೇ ಇರುವಾಗ ರಾತ್ರಿಯ ಒಂದು ಲೋಟ ಹಾಲು ಅದೇ ಜಾತಿಯ ಕೆಲಸ ಮಾಡುತ್ತದೆ. ಹಾಲು ಒಗ್ಗದವರಿಗೆ ಲ್ಯಾಕ್ಟೋಸ್ ಬಹುಪಾಲು ತೆಗೆದ ವೇ ಐಸೊಲೇಟ್ ಅಥವಾ ಸೋಯಾ. ಸೋಯಾದಲ್ಲಿ ಲ್ಯೂಸಿನ್ ತುಸು ಕಡಿಮೆ. ಪ್ರಮಾಣ ತುಸು ಹೆಚ್ಚಿಸಿದರೆ ಆ ಕೊರತೆ ನೀಗುತ್ತದೆ.

ಇನ್ನು ಪುಡಿಯೇ ಇಲ್ಲದ ಆಯ್ಕೆ. ತರುಣರಿಗೆ ಒಂದು ಹೊತ್ತಿಗೆ ಬೇಕೆನ್ನಲಾಗುವ ಸುಮಾರು 2.5 ಗ್ರಾಂ ಲ್ಯೂಸಿನ್, 25 ಗ್ರಾಂ ವೇ ಪ್ರೋಟೀನ್‌ನಲ್ಲಿ ಸಿಗುತ್ತದೆ. ಅದೇ ಪ್ರಮಾಣಕ್ಕೆ ಸುಮಾರು ಐದು ಮೊಟ್ಟೆ, ಅಥವಾ ಮುಕ್ಕಾಲು ಲೀಟರಿಗೂ ಸ್ವಲ್ಪ ಹೆಚ್ಚು ಹಾಲು, ಅಥವಾ 150 ಗ್ರಾಂ ಶೇಂಗಾ. ಶೇಂಗಾ ಅಗ್ಗ, ಆದರೆ ಅಷ್ಟು ಶೇಂಗಾದ ಜೊತೆ 850 ಕ್ಯಾಲೊರಿ ಒಳಗೆ ಹೋಗುತ್ತದೆ. ದಂಡ ಹೊಡೆಯುವವನಿಗೆ ಇದು ವರ. ಕುರ್ಚಿಯ ಕೆಲಸದವನಿಗೆ ಹೊಟ್ಟೆಯ ಬೊಜ್ಜಿನ ದಾರಿ, ಮತ್ತು ಆ ಬೊಜ್ಜು ಮೇಲೆ ಹೇಳಿದ ಇನ್ಸುಲಿನ್ ಪ್ರತಿರೋಧವನ್ನೇ ತರುತ್ತದೆ.

ಜೋಳದ ವಿಷಯದಲ್ಲಿ ಒಂದು ವಿಚಿತ್ರವಿದೆ. ನಮ್ಮ ಜೋಳದ ಪ್ರೋಟೀನ್‌ನಲ್ಲಿ ಲ್ಯೂಸಿನ್‌ನ ಪಾಲು ವೇಗಿಂತಲೂ ಹೆಚ್ಚು. ಹಾಗೆಂದು ಬರಿಯ ರೊಟ್ಟಿ ತಿಂದು ಸ್ನಾಯು ಬೆಳೆಯುವುದಿಲ್ಲ, ಲೈಸಿನ್ ಎಂಬ ಇನ್ನೊಂದು ಅಗತ್ಯ ಆಮ್ಲ ಬಹಳ ಕಡಿಮೆಯಿರುವುದರಿಂದ. 1960ರಲ್ಲಿ ಪೋಷಣಾ ವಿಜ್ಞಾನಿಗಳಾದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ಅವರು ದಖ್ಖನ್ನಿನ ಜೋಳ ಉಣ್ಣುವ ಬಡವರಲ್ಲಿ ಕಾಣುತ್ತಿದ್ದ ಪೆಲಗ್ರ ಎಂಬ, ನಯಾಸಿನ್ ಜೀವಸತ್ವದ ಕೊರತೆಯ ರೋಗಕ್ಕೆ ಲ್ಯೂಸಿನ್‌ನ ಅತಿಯಾದ ಪ್ರಮಾಣವೇ ಕಾರಣವಿರಬಹುದೆಂದು ಸೂಚಿಸಿದ್ದರು. ಆ ವಾದ ಮುಂದೆ ಚರ್ಚೆಗೆ ಒಳಗಾಯಿತಾದರೂ, ಒಂದೇ ಆಮ್ಲ ಹೆಚ್ಚಾದರೆ ಉಳಿದವುಗಳ ಲೆಕ್ಕ ತಪ್ಪಬಹುದು ಎಂಬ ಎಚ್ಚರಿಕೆ ನಮ್ಮ ನೆಲದಿಂದಲೇ ಹೊರಟದ್ದು, ಬಿಸಿಎಎ ಡಬ್ಬಿಗಳು ಹುಟ್ಟುವುದಕ್ಕೆ ಎಷ್ಟೋ ಮುಂಚೆ. ರೊಟ್ಟಿಯ ಜೊತೆ ತೊಗರಿಬ್ಯಾಳಿ, ಮಡಕಿಕಾಳಿನ ಪಲ್ಯ, ಮೊಸರು ಇಟ್ಟುಕೊಂಡವರಿಗೆ ಆ ಲೈಸಿನ್ ತಾನಾಗಿ ಒದಗುತ್ತದೆ.

ಯಾರಿಗೆ ಯಾವುದು

ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಎಂಬುದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಶಿಫಾರಸು. ಭಾರ ಎತ್ತುವವರಿಗೆ ಸುಮಾರು 1.6 ಗ್ರಾಂವರೆಗೆ ಲಾಭ ಕಾಣುತ್ತದೆ. 70 ಕಿಲೋ ತೂಗುವ ಪೈಲ್ವಾನನಿಗೆ ಇದು 112 ಗ್ರಾಂ. ಅವನ ಹಾರ್ಮೋನುಗಳು ಸಹಜವಾಗಿಯೇ ಅವನ ಪಕ್ಷದಲ್ಲಿರುವುದರಿಂದ ಊಟದಲ್ಲಿ ಎಷ್ಟು ಕಡಿಮೆ ಬೀಳುತ್ತದೋ ಅಷ್ಟನ್ನು ವೇಯಿಂದ ತುಂಬಿದರೆ ಮುಗಿಯಿತು. ಬಾದಾಮಿ ಥಂಡಾಯಿಯನ್ನು ಬಿಡಬೇಕಾಗಿಲ್ಲ, ಆದರೆ 50 ಗ್ರಾಂ ಬಾದಾಮಿಯಲ್ಲಿರುವುದು ಹತ್ತು ಗ್ರಾಂ ಪ್ರೋಟೀನ್ ಮಾತ್ರ. ಥಂಡಾಯಿಯ ಬಲವಿರುವುದು ಅದರ ಹಾಲಿನಲ್ಲಿ.

ಅರವತ್ತು ದಾಟಿದವರ ಲೆಕ್ಕ ಬೇರೆ. ತರುಣರ ಸ್ನಾಯು ಒಂದು ಹೊತ್ತಿಗೆ ಕಿಲೋಗೆ ಸುಮಾರು 0.24 ಗ್ರಾಂ ಪ್ರೋಟೀನ್‌ಗೆ ಪೂರ್ಣವಾಗಿ ಸ್ಪಂದಿಸಿದರೆ, ವೃದ್ಧರಿಗೆ ಸುಮಾರು 0.4 ಗ್ರಾಂ ಬೇಕಾಗುತ್ತದೆ. ಆದರೆ ನಮ್ಮ ಕಡೆಯ ಹಿರಿಯ ಹೆಂಗಸರು ಬೆಳಿಗ್ಗೆ ಚಹಾ–ಚುರಮುರಿ, ಮಧ್ಯಾಹ್ನ ಎಲ್ಲರ ಊಟವಾದ ಮೇಲೆ ಉಳಿದದ್ದು, ರಾತ್ರಿ ಅರ್ಧ ರೊಟ್ಟಿ ಎಂದು ದಿನ ಕಳೆಯುವುದೇ ಹೆಚ್ಚು. ಹೆಚ್ಚು ಬೇಕಾದವರಿಗೇ ಕಡಿಮೆ ಸಿಗುತ್ತಿದೆ. ಡಬ್ಬಿಗೆ ಹಣ ಹಾಕುವ ಮನೆಯಾದರೆ, ಅದು ಮೊದಲು ಸೇರಬೇಕಾದದ್ದು ಜಿಮ್‌ಗೆ ಹೋಗುವ ಮೊಮ್ಮಗನ ಕೈಗಲ್ಲ, ಅಜ್ಜಿಯ ಬೆಳಗಿನ ಹಾಲಿನ ಲೋಟಕ್ಕೆ ಎಂದು ನಾನು ಎಷ್ಟೋ ಮನೆಗಳಲ್ಲಿ ಹೇಳಿದ್ದೇನೆ.

ಮಧುಮೇಹವಿರುವವರು ಊಟಕ್ಕೆ ಸ್ವಲ್ಪ ಮೊದಲು ಸಕ್ಕರೆ ಬೆರೆಸದ ವೇ ತೆಗೆದುಕೊಂಡರೆ ಊಟದ ನಂತರದ ಸಕ್ಕರೆಯ ಏರಿಕೆ ತಗ್ಗುವುದು ಕಂಡುಬಂದಿದೆ. ಆದರೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ಬಳಸುವವರು ವೈದ್ಯರಿಗೆ ತಿಳಿಸದೆ ಹೀಗೆ ಮಾಡಬಾರದು. ಮೂತ್ರಪಿಂಡದ ತೊಂದರೆಯಿರುವವರಂತೂ ಮೂತ್ರಪಿಂಡದ ಕೆಲಸ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ವರದಿ ತೋರಿಸಿ ಕೇಳಿದ ನಂತರವೇ ಯಾವ ಡಬ್ಬಿಯನ್ನಾದರೂ ತೆರೆಯಬೇಕು.

ಕೊನೆಗೆ ಕೊಳ್ಳುವಾಗಿನ ಮಾತು. ಬೆಲೆಯನ್ನು ಡಬ್ಬಿಯ ತೂಕದಿಂದಲ್ಲ, ಒಳಗಿರುವ ಒಟ್ಟು ಪ್ರೋಟೀನ್ ಗ್ರಾಂಗಳಿಂದ ಭಾಗಿಸಿ ಹೋಲಿಸಬೇಕು. ಚೀಟಿಯ ಮೇಲೆ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐಯ 14 ಅಂಕಿಯ ಪರವಾನಗಿ ಸಂಖ್ಯೆ ಇರಬೇಕು. ಗ್ಲೈಸಿನ್, ಟಾರಿನ್‌ನಂಥ ಅಗ್ಗದ ಆಮ್ಲಗಳನ್ನು ಪ್ರತ್ಯೇಕವಾಗಿ ಸೇರಿಸಿದ ಪುಡಿಯಲ್ಲಿ ಸಾರಜನಕದ ಅಳತೆಯಿಂದ ಲೆಕ್ಕ ಹಾಕಿದ ಪ್ರೋಟೀನ್ ಅಂಕಿ ಹುಸಿಯಾಗಿ ಏರಿರುತ್ತದೆ. ಸ್ಪರ್ಧೆಗೆ ಇಳಿಯುವ ಕುಸ್ತಿಪಟುಗಳು, ಸೈಕಲ್ ಸ್ಪರ್ಧಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಿಷೇಧಿತ ದ್ರವ್ಯಗಳಿಲ್ಲವೆಂದು ತಯಾರಿಕೆಯ ಪ್ರತಿ ಬ್ಯಾಚನ್ನೂ ಪರೀಕ್ಷಿಸಿದ ಡಬ್ಬಿಯನ್ನೇ ಆರಿಸಿ, ಅದರ ಬ್ಯಾಚ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಚೀಟಿಯಲ್ಲಿ ಹೇಳದೆ ಬೆರೆಸಿದ ಸ್ಟಿರಾಯ್ಡ್ ಮೂತ್ರಪರೀಕ್ಷೆಯಲ್ಲಿ ಸಿಕ್ಕರೆ, ಗೊತ್ತಿರಲಿಲ್ಲ ಎಂಬ ಮಾತ್ರಕ್ಕೆ ಆಟಗಾರನು ಹೊಣೆಯಿಂದ ಪಾರಾಗುವುದಿಲ್ಲ.